ಮೇಲ್ಮನೆಯವರ ಶಾಂತಿ

"ಗುರುಗಳೇ, ಸಿಟ್ಟೇ ಬಾರದ ಮನುಷ್ಯನನ್ನು ಜ್ಞಾನಿ ಎನ್ನಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಮುಂಗೋಪಿ. ಸಾರಿಗೆ ಉಪ್ಪು ಹೆಚ್ಚಾದರೆ ಅಡುಗೆಯವರ ಮೇಲೆ ಹರಿಹಾಯುವವನು, ಆಮೇಲೆ ತಾನೇ ಊಟ ಬಿಟ್ಟು ಪಶ್ಚಾತ್ತಾಪ ಪಡುವವನು. ಮಠದ ಕೆಲಸಕ್ಕೆಂದು ಪಟ್ಟಣಕ್ಕೆ ಹೋದವನು ಅಲ್ಲಿ ಹಳೆಯ ಬಡಾವಣೆಯ ಒಬ್ಬ ಭಕ್ತರ ಮನೆಯಲ್ಲಿ ಉಳಿದುಕೊಂಡು ಹಿಂದಿನ ದಿನವಷ್ಟೇ ಮರಳಿದ್ದ. ಭಕ್ತರದು ಮಹಡಿಯ ಮನೆ. ಅವರ ಗುಣವನ್ನು ಎಷ್ಟು ಹೊಗಳಿದರೂ ಶಿಷ್ಯನಿಗೆ ಸಾಲದು. ಹಾಲು ಉಕ್ಕಿ ಒಲೆ ಆರಿದರೂ ಅವರು ನಗುತ್ತಿದ್ದರಂತೆ. ಕೆಲಸದವಳು ಪಿಂಗಾಣಿ ಬಟ್ಟಲು ಒಡೆದರೂ ನಗುತ್ತಿದ್ದರಂತೆ. ಕೆಳಗಿನ ಮನೆಯ ಹೆಂಗಸೊಬ್ಬಳು ದಿನಾ ಬೆಳಗ್ಗೆ ಅಂಗಳದಲ್ಲಿ ನಿಂತು ಮೇಲೆ ನೋಡಿ ಕೂಗಾಡುತ್ತಿದ್ದಳಂತೆ. ಅದಕ್ಕೂ ಅವರು ತಿರುಗಿ ಒಂದು ಗಟ್ಟಿ ಮಾತು ಆಡಲಿಲ್ಲವಂತೆ, ಪಾಪ, ಅವಳ ಸ್ವಭಾವವೇ ಹಾಗೆ ಎಂದು ಶಿಷ್ಯನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದರಂತೆ. ಇಂಥವರ ಪಾದದ ಧೂಳಿಗೂ ತಾನು ಸಮನಲ್ಲ ಎಂದು ಹೇಳುವಾಗ ಶಿಷ್ಯನ ಕಣ್ಣು ಒದ್ದೆಯಾಗಿತ್ತು.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೈಯಲ್ಲಿದ್ದ ಸಿಪ್ಪೆಯನ್ನು ಸ್ವಲ್ಪ ಜೋರಾಗಿಯೇ ಬುಟ್ಟಿಗೆ ಎಸೆದರು. ನೀನು ಹೇಳಿದ ಮನೆ ನನಗೆ ಗೊತ್ತಿಲ್ಲ, ಬೇರೆ ಊರಿನ ಬೇರೆ ಮನೆಯೊಂದರ ಕತೆ ಹೇಳುತ್ತೇನೆ, ಕೇಳು ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಂದು ಮನೆ. ಊರು ಬೆಳೆದು ಸುತ್ತಲಿನ ಹೊಲಕ್ಕೆ ಕಾಲು ಚಾಚಿದ ಕಾಲದಲ್ಲಿ ಎದ್ದ ಬಡಾವಣೆ ಅದು. ಆಗ ಎಲ್ಲ ಮನೆಗೂ ಹೊಸ ಸುಣ್ಣ, ಹೊಸ ನಲ್ಲಿ. ಈಗ ಬೀದಿಯ ಅಷ್ಟೂ ಮನೆಗಳಿಗೆ ವಯಸ್ಸಾಗಿದೆ. ಗೋಡೆಗೆ ಬಣ್ಣ ಬಳಿದರೆ ವಯಸ್ಸು ಮುಚ್ಚಿಹೋಗುತ್ತದೆ. ನೆಲದಡಿಯ ಕಬ್ಬಿಣದ ಪೈಪಿಗೆ ಯಾರು ಬಣ್ಣ ಬಳಿಯುತ್ತಾರೆ? ಅದು ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಮನೆ ಒಂದೇ, ಕೊಂಡವರು ಇಬ್ಬರು. ಮಹಡಿಯನ್ನು ಕೊಂಡವರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಯಜಮಾನರು. ದಿನಾ ಪೂಜೆ, ಜಪ, ಸೋಮವಾರ ಮೌನ. ಬೀದಿಯಲ್ಲಿ ಅವರ ಗಟ್ಟಿ ದನಿ ಕೇಳಿದವರಿಲ್ಲ. ಮಕ್ಕಳ ಚೆಂಡು ಬಂದು ಬಿದ್ದರೂ ಒರೆಸಿ ಹಿಂದಕ್ಕೆ ಕೊಡುತ್ತಿದ್ದರು. ಕೆಳಗಿನ ಮನೆಯವಳು ಹೋಳಿಗೆ ಮಾಡಿ ಬದುಕುವ ಹೆಂಗಸು. ಗಂಡ ಲಾರಿಯ ಮೇಲೆ ಹೋದರೆ ಯಾವಾಗಲೋ ಒಮ್ಮೆ ಮುಖ ತೋರಿಸುವವನು. ಸುತ್ತಲಿನ ಬೀದಿಗಳಲ್ಲಿ ನಾಮಕರಣವಾಗಲಿ ಸೀಮಂತವಾಗಲಿ, ಹೋಳಿಗೆ ಅವಳ ಕೈಯದೇ ಆಗಬೇಕು. ಅವಳ ಕೈ ಶುದ್ಧ ಎಂದು ಜನ ನಂಬಿದ್ದರು. ಅವಳಿಗಿದ್ದ ಆಸ್ತಿ ಆ ನಂಬಿಕೆಯೊಂದೇ.

ತಾರಸಿಯ ಮೇಲೆ ನೀರಿನ ಟ್ಯಾಂಕು. ಟ್ಯಾಂಕಿನಿಂದ ಮೇಲಿನ ಮನೆಗೊಂದು ಪೈಪು, ಕೆಳಗಿನ ಮನೆಗೊಂದು ಪೈಪು, ಎರಡಕ್ಕೂ ಅಲ್ಲೇ ಒಂದೊಂದು ವಾಲ್ವ್. ತಾರಸಿ ಇಬ್ಬರಿಗೂ ಸೇರಿದ್ದು. ಅದರ ಬೀಗ ಮಾತ್ರ ಮೇಲಿನವರದು, ಬೀಗದ ಕೈ ಸದಾ ಅವರ ಸೊಂಟದ ಉಡಿದಾರದಲ್ಲಿ.

ಮೇಲ್ಮನೆಯ ಬಚ್ಚಲಿರುವುದು ಕೆಳಮನೆಯ ಅಡುಗೆಮನೆಯ ನೆತ್ತಿಯ ಮೇಲೆ. ಒಂದು ಬೆಳಗ್ಗೆ ಅವಳ ಚಾವಣಿಯಲ್ಲಿ ಅಂಗೈಯಗಲದ ತೇವ ಕಾಣಿಸಿತು. ಕೆಲವೇ ದಿನದಲ್ಲಿ ಅದು ಮೊರದಗಲವಾಯಿತು. ಆಮೇಲೆ ತೊಟ್ಟಿಕ್ಕಲು ಶುರುವಾಯಿತು. ಮೇಲೆ ಯಜಮಾನರು ಸ್ನಾನಕ್ಕೆ ಇಳಿದರೆ ಕೆಳಗೆ ಟಪ್ ಟಪ್. ಅವರು ತಲೆಗೆ ಎರೆದುಕೊಂಡ ನೀರು ಬಚ್ಚಲ ಪೈಪಿನ ತೂತಿನಿಂದ ಇಳಿದು ಅವಳ ಒಲೆಯ ಪಕ್ಕಕ್ಕೆ ಬೀಳುತ್ತಿತ್ತು. ಅವಳು ಒಲೆಯನ್ನು ಆಚೆ ಮೂಲೆಗೆ ಸರಿಸಿದಳು. ತೇವವೂ ಹಿಂದೆಯೇ ಸರಿದು ಬಂತು. ಚಾವಣಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ತುದಿಗೆ ಬಕೆಟ್ ಇಟ್ಟಳು.

ಮೊದಲ ಸಲ ಅವಳು ಮೇಲೆ ಹೋದದ್ದು ವಿನಯದಿಂದಲೇ. ಯಜಮಾನರು ಕೂರಿಸಿದರು, ಕಾಫಿ ಕೊಟ್ಟರು, ಎಲ್ಲವನ್ನೂ ಕೇಳಿ ತಲೆಯಾಡಿಸಿದರು. ಬಚ್ಚಲ ನೆಲ ಅಗೆಸಿ ಪೈಪು ಬದಲಾಯಿಸೋಣ, ಅದಕ್ಕೇನಂತೆ, ಆದರೆ ಇದು ಆಷಾಢ, ಆಷಾಢದಲ್ಲಿ ಮನೆಯ ನೆಲಕ್ಕೆ ಗುದ್ದಲಿ ತಾಗಿಸಬಾರದು ಎಂದರು. ಶ್ರಾವಣ ಬಂತು. ಶ್ರಾವಣ ವ್ರತದ ತಿಂಗಳು, ದಿನಕ್ಕೆರಡು ಸಲ ಸ್ನಾನ, ಬಚ್ಚಲು ಅಗೆದರೆ ಹೇಗೆ? ಆಮೇಲೆ ಪಕ್ಷಮಾಸ, ಆಗ ಹೊಸ ಕೆಲಸ ಕೂಡದು. ಆಮೇಲೆ ನವರಾತ್ರಿ, ದೀಪಾವಳಿ, ಕಾರ್ತಿಕ. ಧನುರ್ಮಾಸದ ಮಾತು ಎತ್ತುವಂತೆಯೇ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಅವರು ಯಾತ್ರೆಗೆ ಹೊರಟರು, ಯುಗಾದಿಗೆ ಬಂದವರು ಹೊಸ ವರ್ಷವನ್ನು ಒಡೆಯುವ ಕೆಲಸದಿಂದ ಶುರುಮಾಡುವುದು ಬೇಡ ಎಂದರು. ಮತ್ತೆ ಆಷಾಢ ಬಂತು. ಪಂಚಾಂಗದಲ್ಲಿ ಎಲ್ಲದಕ್ಕೂ ಮುಹೂರ್ತವಿದೆ, ಇನ್ನೊಬ್ಬರ ಅಡುಗೆಮನೆ ಒಣಗಿಸುವುದಕ್ಕೊಂದು ಇಲ್ಲ.

ಒಮ್ಮೆ ಅವಳು ತಾನೇ ಪ್ಲಂಬರ್‌ನನ್ನು ಕರೆದುಕೊಂಡು ಹೋದಳು. ಯಜಮಾನರು ಅವನಿಗೂ ಕಾಫಿ ಕೊಟ್ಟರು, ಪೂಜೆಯ ಬಾಳೆಹಣ್ಣು ಕೊಟ್ಟರು, ಮಕ್ಕಳ ಓದು ವಿಚಾರಿಸಿದರು, ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಬಚ್ಚಲಿನ ಬಾಗಿಲು ಮಾತ್ರ ತೆರೆಯಲಿಲ್ಲ. ಎಷ್ಟು ಒಳ್ಳೆಯವರಮ್ಮ ಎಂದುಕೊಂಡು ಪ್ಲಂಬರ್ ಮೆಟ್ಟಿಲಿಳಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಇನ್ನೊಂದು ದಿನ ಬಕೆಟ್ ತುಂಬಿ ನೆಲವೆಲ್ಲ ಹರಿದಿತ್ತು. ಅವಳು ಆ ನೀರನ್ನೇ ಒಂದು ಚೊಂಬಿನಲ್ಲಿ ತುಂಬಿಕೊಂಡು ಮೇಲೆ ಹೋದಳು. ಅದರಲ್ಲಿ ಸೋಪಿನ ನೊರೆ, ಒಂದೆರಡು ಬಿಳಿ ಕೂದಲು. ಯಜಮಾನರು ನೋಡಿದರು, ಎಂದಿನಂತೆ ನಕ್ಕರು.

"ಇದು ದೇವರ ಪೂಜೆ ನಡೆಯೋ ಮನೆಯಮ್ಮ," ಎಂದರು. "ಆ ನೀರನ್ನ ತೀರ್ಥ ಅಂತ ತಿಳ್ಕೊಂಡ್ಬಿಡು. ಮನಸ್ಸಿಗೆ ಸಮಾಧಾನ ಆಗುತ್ತೆ."

"ಹಾಗಿದ್ರೆ ಮೊದಲು ನೀವು ತಗೊಳ್ಳಿ ಯಜಮಾನ್ರೇ," ಎಂದು ಅವಳು ಚೊಂಬನ್ನು ಮುಂದೆ ಹಿಡಿದಳು.

ಅವರು ತೆಗೆದುಕೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಕೋಪದಿಂದ ಆರೋಗ್ಯ ಕೆಡುತ್ತದೆ ಎಂದು ಬುದ್ಧಿ ಹೇಳಿ ಕಳಿಸಿದರು. ಹೌದು, ಕೆಡುತ್ತದೆ. ಅವಳ ಆರೋಗ್ಯ, ಅವಳ ಅಡುಗೆಮನೆ, ಅವಳ ನಿದ್ದೆ. ಅವರದ್ದು ಏನು ಕೆಟ್ಟಿತ್ತು?

ಅಂದಿನಿಂದ ಅವಳು ಅಂಗಳದಲ್ಲಿ ನಿಂತು ಕೂಗತೊಡಗಿದಳು. ಕೂಗುವುದರಲ್ಲೂ ಅವಳಿಗೊಂದು ಇಕ್ಕಟ್ಟಿತ್ತು. ನನ್ನ ಅಡುಗೆಮನೆಗೆ ನಿಮ್ಮ ಬಚ್ಚಲ ನೀರು ಬೀಳುತ್ತಿದೆ ಎಂದು ಬಾಯಿಬಿಟ್ಟು ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಬಚ್ಚಲ ನೀರು ಬೀಳುವ ಕಡೆ ಮಾಡಿದ ಹೋಳಿಗೆಯನ್ನು ಯಾರು ತಿನ್ನುತ್ತಾರೆ? ಹಾಗಾಗಿ ಅವಳು ಪೈಪು ಎನ್ನುತ್ತಿದ್ದಳು, ನೆಲ ಅಗೆಸಿ ಎನ್ನುತ್ತಿದ್ದಳು, ನ್ಯಾಯ ಎನ್ನುತ್ತಿದ್ದಳು, ಅಡುಗೆಮನೆ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳುತ್ತಿದ್ದಳು. ಅರ್ಧ ಮಾತು ಕೇಳಿದ ಬೀದಿಯವರು ಇವಳಿಗೇನೋ ಜಗಳ ಕಾಯುವ ಚಟ ಎಂದುಕೊಂಡರು. ದೊಡ್ಡ ಮನುಷ್ಯರು, ಒಂದು ದಿನ ತಿರುಗಿ ಬೈದವರಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿಕೋ ಎಂದು ಹಿರಿಯರು ಹೇಳಿದರು. ಅಂಗಳಕ್ಕೆ ಬಂದು ಇಷ್ಟು ಹೇಳಿದವರಲ್ಲಿ ಒಬ್ಬರಾದರೂ ನಾಲ್ಕು ಹೆಜ್ಜೆ ಒಳಗೆ ಬಂದು ಚಾವಣಿ ನೋಡಲಿಲ್ಲ.

ಶ್ರಾವಣದ ಒಂದು ಸೋಮವಾರ. ಬೀದಿಯ ಕೊನೆಯ ಮನೆಯಲ್ಲಿ ಸೀಮಂತ, ಮಧ್ಯಾಹ್ನದ ಊಟಕ್ಕೆ ಹೋಳಿಗೆ. ಬೆಳಗಿನ ಹೊತ್ತಿಗೆ ಅವಳು ಬೇಳೆ ಬೇಯಿಸಿ, ಬೆಲ್ಲ ಹಾಕಿ, ಒರಳಲ್ಲಿ ಹೂರಣ ರುಬ್ಬಿ ಎರಡು ಪಾತ್ರೆಗೆ ತುಂಬಿದ್ದಳು. ಕಣಕ ನೆನೆದಿತ್ತು. ಕಾವಲಿಗೆ ಮೊದಲ ಹೋಳಿಗೆ ಬಿದ್ದಿತ್ತು. ಆಗ ಮೇಲೆ ಏನೋ ಸಿಡಿದ ಹಾಗೆ ಸದ್ದಾಯಿತು. ಬಳಸಿದ ನೀರು ಹೋಗುವ ಪೈಪಿನ ಜೊತೆಗೆ ಟ್ಯಾಂಕಿನ ನೀರು ಬರುವ ಪೈಪೂ ಅದೇ ನೆಲದಡಿಯಲ್ಲಿತ್ತು, ಅದೂ ಅಷ್ಟೇ ಹಳೆಯದು. ಅದು ಒಡೆದಿತ್ತು. ಚಾವಣಿಯ ಗಾರೆ ಉಬ್ಬಿ, ಪ್ಲಾಸ್ಟಿಕ್ ಹಾಳೆಯನ್ನು ಹರಿದುಕೊಂಡು ದಬದಬನೆ ಬಿತ್ತು. ಹಿಂದೆಯೇ ಕಂದು ಬಣ್ಣದ ನೀರು ಧೋ ಎಂದು ಒಂದು ಪಾತ್ರೆ ಹೂರಣದ ಮೇಲೆ ಸುರಿಯಿತು. ಇನ್ನೊಂದು ಪಾತ್ರೆ ಬಾಗಿಲ ಹತ್ತಿರವಿತ್ತು. ಅವಳು ಅದನ್ನೂ ಕಣಕವನ್ನೂ ಎತ್ತಿ ನಡುಮನೆಯ ಮಂಚದ ಮೇಲಿಟ್ಟಳು. ನೀರು ನಿಲ್ಲುವ ಲಕ್ಷಣವಿರಲಿಲ್ಲ. ಹೊಸ್ತಿಲು ದಾಟಿ ನಡುಮನೆಗೂ ಬರುತ್ತಿತ್ತು. ಅದು ನಿಲ್ಲಬೇಕಾದರೆ ತಾರಸಿಯ ವಾಲ್ವ್ ಮುಚ್ಚಬೇಕು.

ಅವಳು ಓಡಿದಳು. ಮೇಲ್ಮನೆಯ ಬಾಗಿಲು ತೆರೆದೇ ಇತ್ತು. ಯಜಮಾನರು ದೇವರ ಮುಂದೆ ಜಪಕ್ಕೆ ಕೂತಿದ್ದರು. ಪೈಪು ಒಡೆದಿದೆ, ಮನೆ ಮುಳುಗುತ್ತಿದೆ, ನೀವು ಏಳುವುದೇನೂ ಬೇಡ, ಬೀಗದ ಕೈ ಕೊಡಿ ಸಾಕು ಎಂದು ಅವಳು ಕೈ ಮುಗಿದು ಕೇಳಿದಳು. ಅವರು ಕಣ್ಣು ತೆರೆದರು. ತುಟಿಯ ಮೇಲೆ ಬೆರಳಿಟ್ಟು ಇವತ್ತು ಮೌನ ಎಂದು ಸೂಚಿಸಿದರು. ಜಪಮಣಿ ತೋರಿಸಿ, ಮುಗಿಯಲಿ ಎಂದು ಕೈಸನ್ನೆ ಮಾಡಿದರು. ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ ಶಾಂತಳಾಗು ಎಂದರು. ಮತ್ತೆ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನ ಕೆಳಗೆ ಅದೇ ನಗು.

ಬೀಗದ ಕೈ ಅವರ ಸೊಂಟದಲ್ಲಿ ಕಾಣುತ್ತಿತ್ತು. ಹೆಣ್ಣುಮಗಳು ಅಲ್ಲಿಗೆ ಕೈ ಹಾಕುವಂತಿಲ್ಲ. ಅದು ಅವರಿಗೂ ಗೊತ್ತು.

ಅವಳು ಕೆಳಗಿಳಿದಳು. ಬೀದಿಯವರು ಆಗಲೇ ಅಂಗಳದಲ್ಲಿ ಸೇರಿದ್ದರು. ಇವತ್ತೂ ಶುರುವಾಯಿತಲ್ಲ ಎಂದು ಯಾರೋ ಅಂದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಒಳಗೆ ಹೋಗಿ, ಹೂರಣ ರುಬ್ಬಿದ ಒರಳಿನ ಗುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ತಾರಸಿಯ ಬಾಗಿಲ ಮುಂದೆ ನಿಂತು ಬೀಗದ ಮೇಲೆ ಒಂದೇಟು ಹಾಕಿದಳು. ಇನ್ನೊಂದು ಹಾಕಿದಳು. ಇಷ್ಟು ದಿನ ನುಂಗಿಕೊಂಡ ಮಾತೆಲ್ಲ ಆ ಏಟಿನಲ್ಲಿತ್ತು. ಬೀಗ ಕಿತ್ತು ಬಂತು. ಅಷ್ಟು ಸದ್ದಾದರೂ ಜಪ ನಡೆದೇ ಇತ್ತು. ಎಂಥ ಏಕಾಗ್ರತೆ ಎಂದು ಅಂಗಳದಲ್ಲಿದ್ದವರು ಮೆಚ್ಚಿಕೊಂಡರು.

ವಾಲ್ವ್ ತುಕ್ಕು ಹಿಡಿದು ಬಿಗಿದಿತ್ತು. ಅವಳು ಸೆರಗು ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದಳು. ಮೇಲಿನ ಮನೆಯ ನೀರು ನಿಂತಿತು. ಕೆಳಗೆ ಸುರಿಯುವುದೂ ಸಣ್ಣಗಾಗಿ, ಹನಿಯಾಗಿ, ನಿಂತುಹೋಯಿತು.

ಅವಳು ಗುಂಡನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಆ ಹೊತ್ತಿಗೆ ಯಜಮಾನರು ಅಭಿಷೇಕಕ್ಕೆ ನೀರು ಹಿಡಿಯಲೆಂದು ನಲ್ಲಿ ತಿರುಗಿಸಿದರು. ನಲ್ಲಿ ಗೊರ್ ಎಂದಿತು, ನೀರು ಬರಲಿಲ್ಲ. ಇನ್ನೊಂದು ನಲ್ಲಿ ತಿರುಗಿಸಿದರು. ಅದರಲ್ಲೂ ಇಲ್ಲ. ಬರಿಯ ಬಿಂದಿಗೆ ಹಿಡಿದುಕೊಂಡು ಹೊರಗೆ ಬಂದವರು ಮೆಟ್ಟಿಲ ಮೇಲೆ ಅವಳನ್ನು ಕಂಡರು. ಆಗ ಬೀದಿ ಮೊದಲ ಸಲ ಅವರ ಗಟ್ಟಿ ದನಿ ಕೇಳಿತು.

"ನನ್ನ ನೀರು ನಿಲ್ಲಿಸೋಕೆ ನೀನ್ಯಾವಳೇ?"

ಅಲ್ಲಿಗೇ ಮುಗಿಯಲಿಲ್ಲ. ಅವಳ ಜಾತಿ, ಗಂಡನ ಲಾರಿ, ಹೋಳಿಗೆ ತಟ್ಟುವ ಕೈ, ಒಂದನ್ನೂ ಬಿಡದೆ ಬೈದರು. ಅಂಥ ಮಾತುಗಳನ್ನು ಅವರು ಎಲ್ಲಿ ಕಲಿತಿದ್ದರೋ, ಎಲ್ಲಿ ಜೋಪಾನ ಮಾಡಿಟ್ಟಿದ್ದರೋ. ಮೌನ ಹಾಳಾಯಿತು ಎಂಬುದೂ ಅವರಿಗೆ ನೆನಪಿರಲಿಲ್ಲ. ವರ್ಷದ ಮೇಲೆ ಅವಳ ಅಡುಗೆಮನೆ ಸೋರಿದಾಗ ಕದಡದ ಶಾಂತಿ ತಮ್ಮ ಒಂದು ಬಿಂದಿಗೆ ನೀರಿಗೆ ಕದಡಿ ಹೋಗಿತ್ತು.

ಅವಳು ಪೂರ್ತಿ ಕೇಳಿದಳು. ಗುಂಡನ್ನು ಮೆಟ್ಟಿಲ ಮೇಲಿಟ್ಟಳು.

"ಮಾತು ಬರುತ್ತಲ್ಲ ಯಜಮಾನ್ರೇ," ಎಂದಳು. "ಈಗ ಹೇಳಿ. ನೆಲ ಯಾವತ್ತು ಅಗೆಸ್ತೀರಿ?"

ಅವರು ಬರಿಯ ಬಿಂದಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಅವಳು ತನ್ನ ಉಗ್ರಾಣದ ಬೀಗ ತಂದು ತಾರಸಿಯ ಬಾಗಿಲಿಗೆ ಹಾಕಿದಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪೈಪು ಬದಲಾಗುವವರೆಗೂ ವಾಲ್ವ್ ತೆರೆಯುವುದಿಲ್ಲ, ಅಂಗಳದ ನಲ್ಲಿ ಇದೆ, ಎಷ್ಟು ಬೇಕೋ ಅಷ್ಟು ಹಿಡಿದು ಹೊತ್ತುಕೊಳ್ಳಿ, ತಾನು ತಡೆಯುವವಳಲ್ಲ ಎಂದಳು.

ಆಮೇಲೆ ಅವಳು ಸೀಮಂತದ ಮನೆಗೆ ಹೋದಳು. ಹಾಳಾದ ಹೂರಣದ ಮೇಲ್ಪದರ ತೆಗೆದು ಹಾಕಿ ಉಳಿದದ್ದನ್ನು ತಟ್ಟಿಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಮೇಲಿನ ಬಚ್ಚಲ ನೀರು ತನ್ನ ಅಡುಗೆಮನೆಗೆ ಬೀಳುತ್ತಿದೆ, ಇವತ್ತು ನಿನ್ನೆಯದಲ್ಲ, ಅರ್ಧ ಹೂರಣ ಚೆಲ್ಲಿದ್ದೇನೆ, ಉಳಿದರ್ಧಕ್ಕೆ ಹನಿಯೂ ಸೋಕಿಲ್ಲ, ಬೇಕಾದರೆ ನಿಮ್ಮ ಅಡುಗೆಮನೆಯಲ್ಲೇ ಕೂತು ಮಾಡಿಕೊಡುತ್ತೇನೆ, ಬೇಡವಾದರೆ ಬೇಡ. ಆ ಮನೆಯ ಹಿರಿಯ ಹೆಂಗಸು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಒಳಗೆ ಬಾ ಎಂದಳು. ಅಂದು ಎಲೆಗೆ ಅರ್ಧರ್ಧ ಹೋಳಿಗೆ ಬಡಿಸಿದರು.

ಯಜಮಾನರು ಒಂದು ಬೆಳಗ್ಗೆ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದರು. ಎರಡನೆಯ ಬೆಳಗ್ಗೆಯೂ ಹತ್ತಿದರು. ಅಂದು ಮಧ್ಯಾಹ್ನವೇ ಪ್ಲಂಬರ್ ಬಂದ. ಅದೇ ಶ್ರಾವಣದಲ್ಲಿ, ವ್ರತದ ನಡುವೆಯೇ, ನೆಲಕ್ಕೆ ಗುದ್ದಲಿ ಬಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ. ಒಳಗಿನ ಪೈಪು ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತಂತೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು ಎಂದು ಗುರುಗಳು ಅವರೆಕಾಯಿ ಬಿಟ್ಟು ಕೈ ಕೊಡವಿದರು. ಅವರ ದನಿ ಗಡುಸಾಗಿತ್ತು. ಮುಗಿಯಲಿಲ್ಲ. ಬಚ್ಚಲ ನೀರಿನ ಸುದ್ದಿ ಹರಡಿ ಎಷ್ಟೋ ಮನೆಯವರು ಅವಳ ಹೋಳಿಗೆ ಬಿಟ್ಟರು. ಚಾವಣಿ ಒಣಗಿದ ಮೇಲೂ ಕೆಲವರು ತಿರುಗಿ ಬರಲಿಲ್ಲ. ಆ ಬೀದಿಯಲ್ಲಿ ಇವತ್ತಿಗೂ ಕೇಳಿದರೆ, ಕೆಳಗಿನವಳದು ಬಾಯಿ ಜೋರು, ಬೀಗ ಒಡೆದವಳು ಎನ್ನುತ್ತಾರೆ. ಮೇಲಿನವರು ದೇವರಂಥ ಮನುಷ್ಯರು, ಪಾಪ, ಅವತ್ತೊಂದು ದಿನ ಅವಳೇ ಅವರಿಗೆ ಸಿಟ್ಟು ಬರಿಸಿದಳು ಎನ್ನುತ್ತಾರೆ. 

ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಎಲ್ಲ ಶಾಂತರೂ ಆ ಯಜಮಾನರಂತೆ ಇರುವುದಿಲ್ಲವಲ್ಲ, ತಾನು ಉಳಿದಿದ್ದ ಮನೆಯ ಭಕ್ತರು ನಿಜವಾಗಿಯೂ ಸಿಟ್ಟು ಗೆದ್ದವರೇ ಇರಬಹುದಲ್ಲ ಎಂದು ಮೆಲ್ಲಗೆ ಕೇಳಿದ. ಇರಬಹುದು ಎಂದು ಗುರುಗಳು ಒಪ್ಪಿಕೊಂಡರು. ಬುಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ದಿನಾ ಬೆಳಗ್ಗೆ ಕೆಳಗಿನಿಂದ ಕೂಗುತ್ತಿದ್ದಳು ಎಂದೆಯಲ್ಲ, ಆ ಹೆಂಗಸು ಏನೆಂದು ಕೂಗುತ್ತಿದ್ದಳು?"

ಶಿಷ್ಯನಿಗೆ ಕೂಗು ನೆನಪಾಯಿತು, ಒಂದು ಮಾತೂ ನೆನಪಾಗಲಿಲ್ಲ.